ಸ್ನಾನಗೃಹದವನಿಗೆ ಬಿಸಿ ಚಿಕಿತ್ಸೆ

ಒಮ್ಮೆ ಕುದಿಯುವ ನೀರಿನ ತೊಟ್ಟಿಯಲ್ಲಿ ನಾನು ಮೂರು ದಿನ ನಿದ್ದೆ ಹೊಡೆದೆ. ಎದ್ದು ನೋಡಿದರೆ ಬೆವತದ್ದು ನೀರು, ನಾನಲ್ಲ. ಒಸಾಕಾದಲ್ಲಿ ನಲವತ್ತು ವರ್ಷ ಸಾರ್ವಜನಿಕ ಸ್ನಾನಗೃಹ ನಡೆಸಿದವನು ನಾನು. ಬಿಸಿ ತಾಳದೆ ತಣ್ಣೀರಿನ ನಲ್ಲಿ ತಿರುಗಿಸಿದವರನ್ನು ಎಲ್ಲರೆದುರು ಗೇಲಿ ಮಾಡಿ ಕಳಿಸುತ್ತಿದ್ದೆ.

ಈಗ ನನ್ನ ಹೊಟ್ಟೆಯೊಳಗೆ ಕ್ಯಾನ್ಸರ್ ಗಡ್ಡೆ. ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಹೊಟ್ಟೆಗೂ ಬೆನ್ನಿಗೂ ಚರ್ಮ ಸುಡದಂತೆ ತಣ್ಣೀರು ತುಂಬಿದ ದಿಂಬಿನಂಥ ಫಲಕ ಒತ್ತಿ, ರೇಡಿಯೋ ಅಲೆ ಹಾಯಿಸಿ, ಬಿಸಿಗೆ ಸಾಯಲೆಂದು ಗಡ್ಡೆಯನ್ನು ಮುಕ್ಕಾಲು ಗಂಟೆ ಕಾಯಿಸುತ್ತಾರೆ. ಏಳನೆಯ ವಾರದ ಹೊತ್ತಿಗೆ ಅಂಗಿ ಬಿಚ್ಚುವುದೇ ದೊಡ್ಡ ಕೆಲಸವೆನಿಸುವಷ್ಟು ದಣಿದಿದ್ದೆ.

"ತುಂಬಾ ಬಿಸಿ ಆಗ್ತಿದ್ಯಾ, ಮಿಜೊಗುಚಿಯವ್ರೇ?" ನರ್ಸ್ ಒಕಾಬೆ ಕೇಳಿದಳು.

"ಇದೂ ಒಂದು ಬಿಸಿನಾ? ನಮ್ಮಲ್ಲಿ ಕೂಸುಗಳು ಮೀಯೋ ನೀರು ಇದಕ್ಕಿಂತ ಚುರುಕಾಗಿರ್ತಿತ್ತು."

"ಹಾಗಾದ್ರೆ ಹಲ್ಲು ಯಾಕೆ ಕಚ್ಕೊಂಡಿದ್ದೀರಿ?"

ಅವಳು ಯಂತ್ರ ನಿಲ್ಲಿಸಿ ಫಲಕ ಎತ್ತಿದಳು. ಹೊಟ್ಟೆಯ ಮೇಲೆ ಅಂಗೈಯಗಲ ಚರ್ಮ ಕೆಂಪಗೆ ಕಂದಿತ್ತು.

"ಇದು ನಿಮ್ಮ ತೊಟ್ಟಿ ಅಲ್ಲ. ನೀವು ಬಾಯಿ ಬಿಟ್ರೆ ತಾನೇ ಎಲ್ಲಿ ತಣ್ಣಗೆ ಮಾಡ್ಬೇಕು ಅಂತ ನಮಗೆ ಗೊತ್ತಾಗೋದು? ಇನ್ನಷ್ಟು ಸುಟ್ರೆ ಚಿಕಿತ್ಸೇನೇ ನಿಲ್ಲಿಸ್ಬೇಕಾಗುತ್ತೆ. ನಿಜ ಹೇಳಿ, ಯಾವತ್ತಿಂದ ತಡ್ಕೊಂಡಿದ್ದೀರಿ?"

ಇನ್ನೊಂದು ಸುಳ್ಳು ಕಟ್ಟಲು ನನ್ನಲ್ಲಿ ತ್ರಾಣವಿರಲಿಲ್ಲ.

"ಮೊದಲನೇ ದಿನದಿಂದ್ಲೂ," ಎಂದೆ. "ಬಿಸಿ ಅಂದ್ರೆ ನೀವು ಕಮ್ಮಿ ಮಾಡ್ತೀರಿ. ಕಮ್ಮಿ ಮಾಡಿದ್ರೆ ಗಡ್ಡೆ ಉಳ್ಕೊಳ್ಳುತ್ತೆ ಅಂತ ಹೆದರಿದ್ದೆ, ತಾಯಿ."