ಗೋಣೆಪ್ಪನ ಎಡಗಿವಿ

ದಾವಣಗೆರೆ ಮತ್ತು ಹರಿಹರಗಳ ನಡುವೆ ಇತ್ತೀಚೆಗೆ ಎದ್ದ ಪ್ರಶ್ನೆಗಳಲ್ಲೆಲ್ಲ ಅತಿ ಗಂಭೀರವಾದದ್ದು, ಬುಧವಾರ ಸಂಜೆ ಗೋಣೆಪ್ಪ ಯಾರಾಗಿದ್ದ ಎಂಬುದು. ಕುಡಿಯುವ ನೀರು, ಅಗೆದುಬಿಟ್ಟ ರಸ್ತೆ, ನಿಲ್ಲದ ರೈಲು, ಇವೆಲ್ಲ ಕಾಯಬಲ್ಲ ವಿಷಯಗಳು, ಕಾದು ರೂಢಿಯಾದವು. ಗೋಣೆಪ್ಪನ ವಿಷಯ ಹಾಗಲ್ಲ. ಅದಕ್ಕೆ ಕಟ್ಟುಕಟ್ಟಳೆಯಿತ್ತು, ಪಂಚರಿದ್ದರು, ತಪ್ಪಿದವರಿಗೆ ದಂಡವಿತ್ತು.

ಪಂಚರು ಮೂವರೇ. ನಿಜಲಿಂಗಪ್ಪ ಬಡಾವಣೆಯ ತನುಶ್ರೀ, ಕಿವಿ-ಮೂಗು-ಗಂಟಲು ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಚೀಟಿ ಕೊಟ್ಟು ಹೆಸರು ಕೂಗುವವಳು. ದಾವಣಗೆರೆಯವನೇ ಆದ ನಯೀಮ್, ಮನೆಯ ಭಟ್ಟಿಯ ಮಂಡಕ್ಕಿ ಮೂಟೆಗಳನ್ನು ಗೂಡ್ಸ್ ಆಟೋದಲ್ಲಿ ಅಂಗಡಿ ಅಂಗಡಿಗೆ ಮುಟ್ಟಿಸುವವನು. ಹರಿಹರದ ತಿಪ್ಪೇಶ್, ವರ್ಕ್‌ಶಾಪೊಂದರ ಲೇತು ಮಷೀನಿನ ಮುಂದೆ ನಿಲ್ಲುವವನು. ಮೂವರೂ ಒಂದೇ ಪಾಲಿಟೆಕ್ನಿಕ್ಕಿನ ಒಂದೇ ಹಿಂದಿನ ಬೆಂಚಿನಿಂದ ಲೋಕಕ್ಕೆ ಬಂದವರು.

ಆಟ ಕಂಪ್ಯೂಟರಿನದು. ದ್ವೀಪವೊಂದಕ್ಕೆ ಜನ ಜೋಡಿಜೋಡಿಯಾಗಿ ಇಳಿದು, ಒಬ್ಬರನ್ನೊಬ್ಬರು ಮುಗಿಸಿ, ಕೊನೆಗೆ ಉಳಿದ ಜೋಡಿ ಗೆಲ್ಲುವಂಥದು. ಇದರಲ್ಲಿ ಕಣ್ಣಿಗಿಂತ ಕಿವಿ ದೊಡ್ಡದು. ಹೆಡ್‌ಫೋನಿನ ಎಡಗಡೆ ಹೆಜ್ಜೆ ಸದ್ದಾದರೆ ಶತ್ರು ಎಡಕ್ಕಿದ್ದಾನೆ, ಬಲಗಡೆ ಆದರೆ ಬಲಕ್ಕೆ. ಜೋಡಿ ಆಟಕ್ಕೆ ಮೂವರು ಗೆಳೆಯರೆಂದರೆ ಒಬ್ಬರು ಹೆಚ್ಚು. ಆ ಹೆಚ್ಚಿನ ಒಬ್ಬರ ಸಂಕಟದಿಂದಲೇ ಗೋಣೆಪ್ಪ ಹುಟ್ಟಿದ್ದು.

ಗೋಣೆಪ್ಪ ಎಂದರೆ ಒಂದು ಖಾತೆ. ಪಾಸ್‌ವರ್ಡು ಮೂವರಿಗೂ ಗೊತ್ತು. ಸರದಿ ಬಂದವರು ತಮ್ಮ ಹೆಸರಿನಲ್ಲೇ ಆಡಬೇಕು. ಉಳಿದಿಬ್ಬರು ಗುಟ್ಟಾಗಿ ಮಾತಾಡಿಕೊಂಡು, ಅವರಲ್ಲೊಬ್ಬರು ಗೋಣೆಪ್ಪನಾಗಿ ಜೊತೆಗೆ ಇಳಿಯಬೇಕು. ಮಾತಾಡುವಂತಿಲ್ಲ, ಟೈಪು ಮಾಡಬಹುದು. ಪಕ್ಕದಲ್ಲಿ ಓಡುತ್ತಿರುವ ಗೋಣೆಪ್ಪ ಇಬ್ಬರಲ್ಲಿ ಯಾರೆಂದು ಅವನ ನಡೆ ನೋಡಿಯೇ ಹೇಳಬೇಕು. ತೀರ್ಪು ತಿಂಗಳ ಕೊನೆಯ ಶನಿವಾರ, ಮಂಡಕ್ಕಿ ಅಂಗಡಿಯಲ್ಲಿ. ಅದಕ್ಕೆ ಮುಂಚೆ ‘ಅವತ್ತು ನೀನಾ?’ ಎಂದು ಬಾಯಿಬಿಟ್ಟು ಕೇಳಿದವರು ಸೋತಂತೆ. ಸೋತವರು ಉಳಿದಿಬ್ಬರಿಗೆ ನರ್ಗಿಸ್ ಮಂಡಕ್ಕಿ, ಮಿರ್ಚಿ ತಿನ್ನಿಸಬೇಕು. ನಿಜ ಹೇಳಿಬಿಟ್ಟವರಿಗೆ ಕ್ಷಮೆಯೇ ಇಲ್ಲ, ಒಂದು ತಿಂಗಳು ಬಹಿಷ್ಕಾರ.

ಇಂಥ ಕಾನೂನಿನ ಕೆಳಗೆ ಎರಡು ವರ್ಷ ಬದುಕಿದವರು ಏನಾಗಬೇಕೋ ಅದೇ ಆಗಿದ್ದರು. ತಿಪ್ಪೇಶನಿಗೆ ಹೊಕ್ಕ ಮನೆಯ ಬಾಗಿಲು ಮುಚ್ಚಿಕೊಳ್ಳುವ ಚಾಳಿ, ದ್ವೀಪದಲ್ಲೂ ಕೋಳಿ ಹೊರಗೆ ಹೋದಾವೆಂಬಂತೆ. ನಯೀಮನಿಗೆ ಗುಂಡು ಹಾರಿಸುವ ಮುಂಚೆ ಒಮ್ಮೆ ಜಿಗಿಯುವ ಚಾಳಿ. ಈಗ ನಯೀಮ್ ಬಾಗಿಲು ಮುಚ್ಚುತ್ತಿದ್ದ, ತಿಪ್ಪೇಶ್ ಜಿಗಿಯುತ್ತಿದ್ದ. ಹೊರಗೂ ಅಷ್ಟೆ. ಹೋದ ವರ್ಷ ತನುಶ್ರೀ ಫೋನಿನಲ್ಲಿ ಬಿಕ್ಕಿಬಿಕ್ಕಿ ಅತ್ತು, ಅಜ್ಜಿ ಬಸವಣ್ಣೆಮ್ಮ ತೀರಿಕೊಂಡಳೆಂದು ಹೇಳಿ, ಗಾಬರಿಬಿದ್ದ ನಯೀಮನಿಂದ ಗುಟ್ಟು ಕಕ್ಕಿಸಿದ್ದಳು. ಆ ಶನಿವಾರ ಅಜ್ಜಿಯೇ ಅಂಗಡಿಗೆ ಬಂದು ಎರಡು ಮಿರ್ಚಿ ತಿಂದಳು.

ಗೋಣೆಪ್ಪನಿಗೂ ಒಂದು ಚರಿತ್ರೆ ಬೆಳೆದಿತ್ತು. ಊರು ಆವರಗೆರೆ. ಎರಡು ಎಮ್ಮೆ. ಮಂಡಿ ನೋವು, ಆದ್ದರಿಂದ ಮಹಡಿ ಹತ್ತುವುದಿಲ್ಲ. ಒಮ್ಮೆ ಅವನು ಎಡಗಡೆಯಿಂದ ಬಂದ ಶತ್ರುವನ್ನು ಗಮನಿಸದೆ ಸತ್ತಾಗ ತನುಶ್ರೀ, ‘ಪಾಪ, ಅವನ ಮದುವೇಲಿ ಬ್ಯಾಂಡಿನವರು ಎಡಗಡೆ ನಿಂತಿದ್ರು. ಅವತ್ತಿಂದ ಎಡಗಿವಿ ಕೇಳಲ್ಲ’ ಎಂದು ಬರೆದಳು. ಸಭೆ ಒಮ್ಮತದಿಂದ ಅಂಗೀಕರಿಸಿತು. ಅಂದಿನಿಂದ ಗೋಣೆಪ್ಪನಾದವರು ಎಡಗಡೆಯ ಸದ್ದು ಕೇಳಿಸಿದರೂ ಕೇಳಿಸದವರಂತೆ ಕಲ್ಲಾಗಿ ನಿಲ್ಲಬೇಕಾಯಿತು.

ಆ ಬುಧವಾರ ತನುಶ್ರೀಯ ಸರದಿ. ಗೋಣೆಪ್ಪ ಬಾಗಿಲು ಮುಚ್ಚಿಕೊಂಡು ಒಳಗಿದ್ದ. ಎಡಗಡೆ ಹೆಜ್ಜೆ ಸದ್ದಾಯಿತು. ಅವನು ಬಲಕ್ಕೆ ತಿರುಗಿ, ಖಾಲಿ ಗೋಡೆಗೆ ಬಂದೂಕು ಹಿಡಿದು, ಬೆನ್ನಿಗೆ ಗುಂಡು ತಿಂದು ಬಿದ್ದ. ಬಿದ್ದವನು ಟೈಪು ಮಾಡಿದ: ‘ತನು, ಎಡಗಿವಿ ಕೇಳ್ತಿಲ್ಲ. ನಿಜವಾಗ್ಲೂ.’

ತನುಶ್ರೀ ಕಣ್ಣಲ್ಲಿ ನೀರು ಬರುವಂತೆ ನಗುವ ಮುಖಗಳನ್ನು ಸಾಲಾಗಿ ಕಳಿಸಿ, ‘ಬ್ಯಾಂಡಿನೋರ ಮೇಲೆ ಕೇಸ್ ಹಾಕು ಗೋಣೆಪ್ಪ’ ಎಂದು ಬರೆದಳು. ಉತ್ತರ ಬರಲಿಲ್ಲ. ಎಂಥ ನಟನೆ ಎಂದು ಮೆಚ್ಚಿಕೊಂಡು ಊಟಕ್ಕೆ ಎದ್ದಳು.

ಮರುದಿನ ಕ್ಲಿನಿಕ್ಕಿಗೆ ಉಕ್ಕಡಗಾತ್ರಿಯಿಂದ ಗಿಡ್ಡಪ್ಪ ಎಂಬ ರೈತ ಹೆಂಡತಿ ದುರುಗವ್ವನೊಂದಿಗೆ ಬಂದ. ಸರದಿ ಬಂದಾಗ ತನುಶ್ರೀ ಅವನ ಎಡಗಡೆಯ ಮೇಜಿನಿಂದ, “ಗಿಡ್ಡಪ್ಪಾ” ಎಂದು ಕೂಗಿದಳು. ಗಿಡ್ಡಪ್ಪ ಬಲಕ್ಕೆ ತಿರುಗಿ ಕ್ಯಾಲೆಂಡರಿಗೆ, “ಬಂದೆ ತಾಯಿ” ಎಂದ.

“ಹಿಂಗೇ ನೋಡವ್ವ,” ಎಂದಳು ದುರುಗವ್ವ. “ಕರದಿದ್ದು ನಾನು, ಇವರು ಓ ಅನ್ನೋದು ಎಮ್ಮೆಗೆ.”

ಒಳಗೆ ಡಾಕ್ಟರು ಬೈಯುವುದು ಹೊರಗಿನ ತನಕ ಕೇಳಿಸಿತು. “ರಾತ್ರಿ ಬೆಳಗಾಗೋದ್ರಾಗೆ ಒಂದು ಕಿವಿ ಹೋಗೈತೆ ಅಂದ್ರೆ ಅದು ಗುಗ್ಗೆ ಅಂತ ಎಣ್ಣೆ ಬಿಟ್ಕಂಡು ಕೂರೋದಲ್ಲ ಅಜ್ಜಾ. ಅವತ್ತೇ ಓಡಿ ಬರ್ಬೇಕು. ದಿನ ಕಳದಂಗೆಲ್ಲ ನನ್ ಕೈಯಾಗೆ ಏನೂ ಇರಲ್ಲ.”

ತನುಶ್ರೀಯ ಕೈಯಲ್ಲಿದ್ದ ಚೀಟಿ ಕೈಯಲ್ಲೇ ಉಳಿಯಿತು. ಎರಡು ವರ್ಷದಲ್ಲಿ ಗೋಣೆಪ್ಪನ ಕಿವುಡನ್ನು ಮೂವರೂ ನೂರು ಸಲ ನಟಿಸಿದ್ದರು. ನಟಿಸುವಾಗ ಅವನು ಕಲ್ಲಾಗುತ್ತಿದ್ದ. ನಿನ್ನೆಯವನನ್ನು ಬಿಟ್ಟರೆ, ಎಡಗಡೆಯ ಸದ್ದಿಗೆ ಗಿಡ್ಡಪ್ಪನಂತೆ ಬಲಕ್ಕೆ ತಿರುಗಿದವನು ಒಬ್ಬನೂ ಇರಲಿಲ್ಲ. ಹಾಗೆ ತಿರುಗಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವಂಥದ್ದೂ ಅಲ್ಲ ಅದು, ಒಂದೇ ಕಿವಿ ಉಳಿದವನಿಗೆ ಮಾತ್ರ ಎಲ್ಲ ಸದ್ದೂ ಆ ಕಿವಿಯ ಕಡೆಯಿಂದಲೇ ಬಂದಂತಿರುತ್ತದೆ.

ಗುಂಪಿಗೆ ಬರೆದಳು: ‘ನಿನ್ನೆ ಗೋಣೆಪ್ಪ ಯಾರು? ಆಟ ಬ್ಯಾಡ. ಕಿವಿ ಡಾಕ್ಟರಿಗೆ ತೋರಿಸಬೇಕು. ತಡ ಆದ್ರೆ ವಾಪಸ್ ಬರಲ್ಲ.’

ತಿಪ್ಪೇಶನ ಉತ್ತರ ಕೂಡಲೇ ಬಂತು: ‘ಸೋತ್ಲು! ನಂಗೆ ಖಾರ ಜಾಸ್ತಿ.’

ನಯೀಮ್ ಸ್ವಲ್ಪ ಹೊತ್ತು ಬಿಟ್ಟು ಬರೆದ: ‘ಅಜ್ಜಿ ಹೆಂಗದಾರೆ?’

ಅವಳು ನಯೀಮನಿಗೆ ಫೋನು ಮಾಡಿದಳು.

“ನಯೀಮ್, ಆಣೆ ಮಾಡಿ ಹೇಳ್ತೀನಿ. ನಿನ್ನೆ ನೀನಾ?”

ಆಟೋ ನಿಲ್ಲಿಸಿದ ಸದ್ದು. ಆಮೇಲೆ ನಗು.

“ಯಾರ್, ನಿನ್ನೆ ನಿಜ ಹೇಳ್ದಾಗ ನಗ್ತೀಯ, ಇವತ್ತು ಆಣೆ ಹಾಕ್ತೀಯ ಅಂತ ಗೋಣೆಪ್ಪ ಬೇಜಾರ್ ಮಾಡ್ಕಂಡಾನೆ. ಹೋಗಿ ತಿಪ್ಪೇಶನ್ನ ಕೇಳು.”

ಬೇರೆ ಯಾರಾದರೂ ಆಗಿದ್ದರೆ ಈ ಮಾತನ್ನು ಮಾತಾಗಿಯೇ ಕೇಳಿಸಿಕೊಳ್ಳುತ್ತಿದ್ದರು. ತನುಶ್ರೀ ಆಟ ಬಲ್ಲವಳು. ಗೋಣೆಪ್ಪನಾದವನು ಇನ್ನೊಬ್ಬನ ಹೆಸರು ಹೇಳುವುದು ಮೊದಲ ತಿಂಗಳ ತಂತ್ರ. ಅದನ್ನು ಈಗ ಯಾರೂ ನಂಬುವುದಿಲ್ಲವೆಂದು ನಯೀಮನಿಗೂ ಗೊತ್ತು. ಗೊತ್ತಿದ್ದೂ ಹೇಳಿದನೆಂದರೆ ಅದು ನಿಜವೇ ಇರಬೇಕು. ಜೊತೆಗೆ ಬಾಗಿಲು ಮುಚ್ಚಿತ್ತು, ಅದು ನಯೀಮನ ನಕಲೆಂದು ತಿಳಿಯಲೆಂದೇ ತಿಪ್ಪೇಶ್ ತನ್ನ ಹಳೆಯ ಚಾಳಿಗೆ ಮರಳಿರಬೇಕು. ಜೊತೆಗೆ ಲೇತು ಮಷೀನಿನ ಗದ್ದಲ. ಮೂರೂ ಸೇರಿ ತಿಪ್ಪೇಶನ ಕಡೆ ಬೆರಳು ಮಾಡಿದವು. ಶುಕ್ರವಾರ ಅರ್ಧ ದಿನ ರಜೆ ಹಾಕಿ ಹರಿಹರದ ಬಸ್ಸು ಹತ್ತಿದಳು.

ತಿಪ್ಪೇಶ್ ವರ್ಕ್‌ಶಾಪಿನ ಎದುರಿನ ಶಬ್ಬೀರನ ಚಹದಂಗಡಿಯಲ್ಲಿ ಕೂತಿದ್ದ. ಅವಳು ಬರುವುದನ್ನು ದೂರದಿಂದಲೇ ಕಂಡ. ದಂಡದ ಮಿರ್ಚಿಗಿಂತ ದೊಡ್ಡ ಬೇಟೆ ತಾನಾಗಿ ನಡೆದುಬರುತ್ತಿದೆ ಎಂದು ಅವನಿಗೆ ಅನ್ನಿಸಿದ್ದು ಮುಖದ ಮೇಲೆ ಒಂದು ಗೆರೆಯಷ್ಟೂ ಕಾಣಿಸಲಿಲ್ಲ.

ಅವಳು ಅವನ ಎಡಗಡೆ ಕೂತಳು. “ತಿಪ್ಪ.”

ತಿಪ್ಪೇಶ್ ರಸ್ತೆ ನೋಡುತ್ತಿದ್ದ.

“ಲೇ ತಿಪ್ಪ, ಎಷ್ಟ್ ದಿನದಿಂದ ಹಿಂಗೈತೆ?”

ತಿಪ್ಪೇಶ್ ಚಹ ಕುಡಿದ. ಅವಳು ಸ್ಟೀಲು ಲೋಟವೊಂದನ್ನು ಅವನ ಎಡಗಿವಿಯ ಹಿಂದೆ ಕಲ್ಲಿನ ಮೇಲೆ ಬೀಳಿಸಿದಳು. ನಾಯಿ ಎದ್ದು ಓಡಿತು. ತಿಪ್ಪೇಶನ ರೆಪ್ಪೆ ಅಲುಗಲಿಲ್ಲ. ಆಮೇಲೆ ನಿಧಾನಕ್ಕೆ ಅವಳ ಕಡೆ ತಿರುಗಿ, “ಅಯ್ಯ, ತನು! ಯಾವಾಗ ಬಂದ್ಯೇ?” ಎಂದ.

“ಏನಮ್ಮಾ, ಹುಡುಗನ ಕಿವಿ ಹೋಯ್ತಾ?” ಎಂದ ಶಬ್ಬೀರ್. “ಬೆಳಿಗ್ಗೆ ಡಬ್ಬೀಲಿ ಸಕ್ರೆ ಕಮ್ಮಿ ಅಂತ ನಾನ್ ಗೊಣಗಿದ್ದೂ ಕೇಳ್ಸಿತ್ತಲ್ಲ ಅವಂಗೆ.”

“ಹಿಂಗೇ ಬರೋದು ಇದು. ಇದ್ದಕ್ಕಿದ್ದಂಗೆ,” ಎಂದಳು ತನುಶ್ರೀ. “ನಾಳೆ ಬೆಳಿಗ್ಗೆ ಕ್ಲಿನಿಕ್ಕಿಗೆ ಬಾ. ಮೊದಲನೇ ಚೀಟಿ ನಿಂದೇ ಇಡ್ತೀನಿ.”

“ಏನಂದೆ?” ಎಂದು ತಿಪ್ಪೇಶ್ ಬಲಗಿವಿಯನ್ನು ಅವಳತ್ತ ಚಾಚಿದ.

ಶನಿವಾರ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಗಾಜಿನ ಕೋಣೆಯಲ್ಲಿ ಹೆಡ್‌ಫೋನು ಹಾಕಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ತನುಶ್ರೀ ಹೊರಗೆ ನಿಂತು ಅವನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಹೆಬ್ಬೆರಳು ಒತ್ತಿತು. ಮತ್ತೆ ಒತ್ತಿತು. ಎಡಗಡೆಯ ಸರದಿಯಲ್ಲೂ ಬಿಡದೆ ಒತ್ತಿತು. ಕೋಣೆಯಿಂದ ಹೊರಬಂದವನು ಎರಡೂ ಕೈ ಮೇಲೆತ್ತಿದ.

“ಗೆದ್ದೆ! ನಾಯಿಗೆ ಇರ್ಬೇಕು ಇಂಥ ಕಿವಿ ಅಂದ್ರು. ತನು, ಲೋಟ ಬೀಳಿಸ್ದಾಗ ಜೀವ ಹೋಗಿತ್ತು ಕಣೇ, ಆದ್ರೂ ಅಲ್ಲಾಡ್ಲಿಲ್ಲ. ಅಜ್ಜಿ ಸಾಯ್ಸಿದ್ದಕ್ಕೆ ಇದು ಬಡ್ಡಿ.”

ಕಾಯುತ್ತಿದ್ದ ಜನ ತಿರುಗಿ ನೋಡಿದರು. ತನುಶ್ರೀ ಕುರ್ಚಿಯ ತುದಿಯಲ್ಲಿ ಕೂತಳು.

“ಹಂಗಾದ್ರೆ ಬುಧವಾರ ನೀನಲ್ಲ.”

“ಅದನ್ನ ಕೊನೇ ಶನಿವಾರ...”

“ತಿಪ್ಪ.”

“ಏ, ಅಳ್ತಾಳೆ ನೋಡ್ರಿ. ಅಜ್ಜಿ ಸತ್ತಾಗ್ಲೂ ಥೇಟ್ ಹಿಂಗೇ ಅತ್ತಿದ್ಲಂತೆ ಇವ್ಳು.” ಹೀಗಂದವನು ಅವಳ ಮುಖ ನೋಡುತ್ತ ನಿಂತ. ಆಗ ಒಳಗಿನಿಂದ ಡಾಕ್ಟರು ಬಾಗಿಲಿಗೆ ಬಂದು, “ಏನಮ್ಮ, ನೀನು ಅರ್ಜೆಂಟ್ ಅಂದ ಹುಡುಗ ಎಲ್ಲಿ? ಇವನಿಗೆ ಏನೂ ಆಗಿಲ್ಲ” ಎಂದರು. ತಿಪ್ಪೇಶ್ ಡಾಕ್ಟರನ್ನು ನೋಡಿದ. ಡಾಕ್ಟರು ಆಟದಲ್ಲಿ ಇಲ್ಲದವರು. ಅವನ ಕೈಗಳು ಕೆಳಗಿಳಿದವು.

“ನಯೀಮ್,” ಎಂದ. “ಬುಧವಾರ ನಯೀಮ್ ಆಗಿದ್ದ. ತನು, ನಂಗೆ ಗೊತ್ತಿರಲಿಲ್ಲ. ನೀನು ಡವ್ ಮಾಡ್ತಿದೀಯ ಅನ್ಕಂಡೆ.”

ಇಬ್ಬರೂ ತಿಪ್ಪೇಶನ ಬೈಕಿನಲ್ಲಿ ಭಟ್ಟಿಗೆ ಹೋದರು. ಭಟ್ಟಿಯ ಮುಂದೆ ನಯೀಮನ ತಾಯಿ ಶಹರ್ಬಾನು ಮಂಡಕ್ಕಿ ಜರಡಿ ಹಿಡಿಯುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ಗೂಡ್ಸ್ ಆಟೋದ ಎಡಮೈ ಉದ್ದಕ್ಕೂ ಕೆರೆದುಹೋಗಿತ್ತು.

“ಬಾರಮ್ಮಾ,” ಎಂದಳು. “ನೀನಾದ್ರೂ ಹೇಳು ಅವಂಗೆ. ಬೆಳ್ಳುಳ್ಳಿ ಎಣ್ಣೆ ಕಾಸಿ ಬಿಟ್ಟೆ, ವಾಸಿ ಆಗಿಲ್ಲ. ಡಾಕ್ಟರ ಹತ್ರ ಹೋಗೋ ಅಂದ್ರೆ, ಅಮ್ಮೀ ಇದು ನನ್ ಕಿವಿ ಅಲ್ಲ, ಗೋಣೆಪ್ಪಂದು ಅಂತಾನೆ. ಯಾರಮ್ಮ ಅವನು ಗೋಣೆಪ್ಪ?”

ಇಬ್ಬರೂ ಹೊಸ್ತಿಲು ದಾಟಿದರು. ನಯೀಮ್ ಒಳಗೆ ಮೂಟೆಯ ಬಾಯಿ ಹೊಲಿಯುತ್ತಿದ್ದ. ಅವನ ಎಡಗಡೆಯಿಂದ ಅವಳು ಹೆಸರು ಹಿಡಿದು ಕರೆದಳು. ಅವನು ಬಲಕ್ಕೆ, ಖಾಲಿ ಗೋಡೆಯ ಕಡೆ ತಿರುಗಿದ. ಆಮೇಲೆ ಇವರನ್ನು ಕಂಡ. ತಿಪ್ಪೇಶನ ಮುಖ ಕಂಡ.

“ಹೇಳ್ಬಿಟ್ಯಾ?” ಎಂದ ತಿಪ್ಪೇಶನಿಗೆ. “ಒಂದು ತಿಂಗಳು ಹೊರಗೆ ನೀನು.”

“ಎಷ್ಟ್ ದಿನ ಆಯ್ತು ನಯೀಮ್?” ಎಂದಳು ತನುಶ್ರೀ.

“ಬುಧವಾರಕ್ಕಿಂತ ಮುಂಚೇನೇ. ಮೊದ್ಲು ಹೆಡ್‌ಫೋನ್ ಕೆಟ್ಟೈತೆ ಅನ್ಕಂಡೆ, ಹೊಸದು ತಂದೆ. ಆಮೇಲೆ ಗುಗ್ಗೆ ಅನ್ಕಂಡೆ. ಬುಧವಾರ ಒಬ್ಬ ಲಾರಿಯವನು ಹಾರನ್ ಹೊಡ್ದಿದ್ದು ಕೇಳ್ಸಲಿಲ್ಲ.” ಅವನು ದಬ್ಬಣ ಕೆಳಗಿಟ್ಟ. “ಅವತ್ತು ಸಂಜೇನೇ ನಿಂಗೆ ಹೇಳಿದ್ದು.”

“ಫೋನ್ ಮಾಡ್ದಾಗ ಯಾಕೋ ಹೇಳ್ಲಿಲ್ಲ?”

“ನೀನು ಅಷ್ಟೊಂದು ನಕ್ಕಿದ್ಯಲ್ಲ ಯಾರ್. ಇನ್ನೊಂದ್ಸಲ ನಗ್ಸೋದು ಬ್ಯಾಡ ಅನ್ಸ್ತು.” ನಯೀಮ್ ತಾನೇ ಸ್ವಲ್ಪ ನಕ್ಕ. “ಆಟೋ ಕೊಡಲ್ಲ ಅಂತಾರೆ ಅಪ್ಪಾಜಿ, ಗೊತ್ತಾದ್ರೆ. ಗೋಣೆಪ್ಪ ಆದಾಗ ಆರಾಮ್ ಇತ್ತು. ಅಲ್ಲಿ ಕೇಳ್ಸದಿದ್ರೂ ನಡೀತಿತ್ತು. ಎಲ್ರೂ ಭೇಷ್ ಅಂತಿದ್ರಿ.”

ತಿಪ್ಪೇಶ್ ದಬ್ಬಣ ಎತ್ತಿಕೊಂಡು ಮೂಟೆಯ ಉಳಿದ ಬಾಯಿ ಹೊಲಿಯತೊಡಗಿದ. ತನುಶ್ರೀ ನಯೀಮನ ಬಲಗಡೆಗೆ ಹೋಗಿ ನಿಂತು, “ಏಳು, ಹೋಗೋಣ. ಡಾಕ್ಟರು ಕಾಯ್ತಾ ಅದಾರೆ” ಎಂದಳು. ಅವನು ಅಂಗಿಗೆ ಅಂಟಿದ್ದ ಮಂಡಕ್ಕಿಯ ಪುಡಿ ಕೊಡವಿಕೊಂಡು ಎದ್ದ.

ಡಾಕ್ಟರು ಬೈಯಲಿಲ್ಲ. ಬೈಯದೆ ಇದ್ದದ್ದನ್ನು ಆ ಕ್ಲಿನಿಕ್ಕಿನಲ್ಲಿ ತನುಶ್ರೀ ಅದೇ ಮೊದಲು ಕಂಡದ್ದು. ಮಾತ್ರೆ ಬರೆದರು, ಆಮೇಲೆ ಕಿವಿಯೊಳಕ್ಕೇ ಇಂಜೆಕ್ಷನ್ನು ಕೊಟ್ಟರು, ತಿಂಗಳ ಮೇಲೆ ಇನ್ನೊಮ್ಮೆ ಗಾಜಿನ ಕೋಣೆಯಲ್ಲಿ ಕೂರಿಸಿ ನೋಡಿದರು. ನಯೀಮನ ಎಡಗಿವಿ ಮತ್ತೆ ಕೇಳಲಿಲ್ಲ.