ಒಲಿಂಪಸ್ ಮಾನ್ಸ್ ಮೇಲೆ ಅಮ್ಮನ ಬಂಡಿ

ನಮ್ಮ ಬಾಸ್ ಕೆಟ್ಟವರಲ್ಲ. ಆದರೆ ಆ ದಿನ ಅವರು, "ನಾಳೆ ಬೆಟ್ಟದ ಎತ್ತರ ಐದು ಪಟ್ಟು ಮಾಡ್ಬಿಡು" ಅಂದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ನಾವು ಮಾಡುತ್ತಿದ್ದದ್ದು ಮಂಗಳ ಗ್ರಹದ ಮೇಲೆ ಬಂಡಿ ಓಡಿಸುವ ವಿಡಿಯೋ ಗೇಮ್. ಅದರ ನೆಲ ನನ್ನ ಪಾಲಿನ ಕೆಲಸ. ಮನಸ್ಸಿಗೆ ಬಂದಲ್ಲಿ ಗುಡ್ಡ ಎಬ್ಬಿಸಿದ್ದಲ್ಲ. ಮಂಗಳವನ್ನು ಸುತ್ತಿದ ನೌಕೆಗಳು ಅಳೆದ ಎತ್ತರಗಳನ್ನೇ ತಂದು, ಎರಡು ವರ್ಷ ಕೂತು ಕಟ್ಟಿದ ನೆಲ. ಅಳೆದವರು ಯಾರೋ ಪುಣ್ಯಾತ್ಮರು, ಬೇಕಾದವರು ಬಳಸಲಿ ಎಂದು ಎಲ್ಲವನ್ನೂ ಪುಕ್ಕಟೆ ಬಿಟ್ಟುಕೊಟ್ಟಿದ್ದಾರೆ. ಆಟ ಶುರುವಾಗುವುದು ಒಲಿಂಪಸ್ ಮಾನ್ಸ್ ಎಂಬ ಹಳೆಯ ಜ್ವಾಲಾಮುಖಿ ಬೆಟ್ಟದ ಮೈಮೇಲೆ. ಅದರ ಎತ್ತರ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಅಗಲವೋ ಕೇಳಲೇಬೇಡಿ, ಏರು ಎಷ್ಟು ನಯವೆಂದರೆ ಮೇಲೆ ನಿಂತವರಿಗೆ ಅದು ಬೆಟ್ಟವೆಂದೇ ತಿಳಿಯುವುದಿಲ್ಲ. ಆಡಿ ನೋಡಲು ಬಂದವರೆಲ್ಲ "ಬೆಟ್ಟ ಎಲ್ರೀ?" ಎಂದು ಕೇಳಿ ಎದ್ದು ಹೋಗುತ್ತಿದ್ದರು.

"ಸರ್, ಐದು ಪಟ್ಟು ಮಾಡಿದ್ರೆ ಅದು ಮಂಗಳ ಅಲ್ಲ, ಐಸ್‌ಕ್ರೀಮ್ ಕೋನು" ಅಂದೆ.

"ಕೋನಾದ್ರೂ ಕಣ್ಣಿಗೆ ಕಾಣುತ್ತಲ್ಲಮ್ಮ. ಕಾಣದೇ ಇರೋ ಬೆಟ್ಟ ಇಟ್ಕೊಂಡು ನಾನೇನು ಮಾಡ್ಲಿ?"

ಮುಖ ಊದಿಸಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ನೋಡಿದರೆ, ನನ್ನ ಕಂಪ್ಯೂಟರಿನ ಮುಂದೆ ಅಮ್ಮ ಕೂತಿದ್ದಳು. ಕೈಯಲ್ಲಿ ಕಂಟ್ರೋಲರ್! ಮಂಡಿನೋವು ಬಂದಮೇಲೆ ಮೂರು ಮೆಟ್ಟಿಲು ಹತ್ತಲೂ ಆಗದವಳು, "ಆಟ ಆಡೋದಕ್ಕೂ ಸಂಬಳ ಕೊಡ್ತಾರಾ?" ಎಂದು ದಿನಾ ನನ್ನ ಕಾಲೆಳೆಯುವವಳು.

"ಬೈಬೇಡ ಕಣೇ. ಮಧ್ಯಾಹ್ನ ಹೊತ್ತೇ ಹೋಗಲ್ಲ, ಅದಕ್ಕೆ ಸ್ವಲ್ಪ ದಿನದಿಂದ ಓಡಿಸ್ತಿದೀನಿ. ಆದ್ರೆ ನಿಮ್ಮ ಬಂಡಿ ಕೆಟ್ಟಿದೆ."

"ಏನಾಗಿದೆ?"

"ಟೀ ಮಾಡ್ಕೊಂಡು ಬರೋಣ ಅಂತ ನಿಲ್ಲಿಸಿ ಹೋಗಿದ್ದೆ. ಬಂದು ನೋಡಿದ್ರೆ ತಾನಾಗೇ ಹಿಂದಕ್ಕೆ ಹೊರಟುಬಿಟ್ಟಿದೆ! ಜಾರ್ತಾನೇ ಇದೆ, ನಿಲ್ಲೋ ಲಕ್ಷಣಾನೇ ಇಲ್ಲ."

ಬಗ್ಗಿ ನೋಡಿದೆ. ಅಮ್ಮ ಬೆಟ್ಟದ ಮುಕ್ಕಾಲು ಪಾಲು ಏರಿಬಿಟ್ಟಿದ್ದಳು.

"ಬಂಡಿ ಕೆಟ್ಟಿಲ್ಲಮ್ಮ. ನೀನು ಬೆಟ್ಟ ಹತ್ತಿದೀಯ."

"ಯಾವ ಬೆಟ್ಟಾನೇ? ಎಲ್ಲಾ ಸಪಾಟಾಗೇ ಇತ್ತಲ್ಲ! ನನ್ನ ಮಂಡಿಗೆ ಗೊತ್ತೇ ಆಗ್ಲಿಲ್ಲ."

ನಾನು ನಕ್ಕುಬಿಟ್ಟೆ. ಆಮೇಲೆ ನಗು ನಿಂತಿತು. ನಮ್ಮ ಆಫೀಸಿನಲ್ಲಿ ಯಾರೂ ಬಂಡಿ ಓಡಿಸುವುದಿಲ್ಲ. ಕ್ಯಾಮೆರಾ ಹಾರಿಸಿಕೊಂಡು ಹೋಗಿ, ಬೇಕಾದ ಜಾಗ ನೋಡಿ, ವಾಪಸ್ ಬರುತ್ತೇವೆ. ಆಡಲು ಬಂದವರೋ, ವೇಗದ ಗುಂಡಿಯಿಂದ ಬೆರಳು ತೆಗೆದವರೇ ಅಲ್ಲ. ಈ ನೆಲಕ್ಕಾಗಿ ಜಗಳಕ್ಕೆ ನಿಂತ ನಾನೂ ಒಂದು ದಿನವೂ ಅದರ ಮೇಲೆ ಬಂಡಿ ನಿಲ್ಲಿಸಿ ಸುಮ್ಮನಿದ್ದವಳಲ್ಲ.

ಮರುದಿನ ಬೆಳಿಗ್ಗೆ ಅಮ್ಮ ನಿಲ್ಲಿಸಿದ್ದಲ್ಲಿಂದಲೇ ಆಟವನ್ನು ಆಫೀಸಿನ ಕಂಪ್ಯೂಟರಿನಲ್ಲಿ ತೆರೆದು, ಬಾಸನ್ನು ಅದರ ಮುಂದೆ ಕೂರಿಸಿದೆ. "ಕೈ ತೆಗೀರಿ ಸರ್. ಏನೂ ಮುಟ್ಟಬೇಡಿ."

ಬಂಡಿ ಒಂದು ಗಳಿಗೆ ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು, ಬರಬರುತ್ತಾ ಜೋರಾಯಿತು. ಬಾಸ್ ಅವರ ಬಲಗಾಲು ಬ್ರೇಕ್ ಹುಡುಕಿಕೊಂಡು ಮೇಜಿನ ಕೆಳಗೆ ನೆಲ ಒತ್ತಿತು.

"ಅಯ್ಯಯ್ಯೋ, ಎಷ್ಟು ಮೇಲಿದೀವಮ್ಮ ನಾವು!"

"ಅದೇ ಸರ್ ಬೆಟ್ಟ."

ಅವರು ಬಂಡಿಯನ್ನು ಮತ್ತೆ ಮೇಲಕ್ಕೆ ಓಡಿಸಿ, ಇನ್ನೊಮ್ಮೆ ಕೈ ತೆಗೆದು ನೋಡಿದರು. ಆಮೇಲೆ, "ಆಟದ ಶುರುವಿನಲ್ಲೇ ಬಂಡಿ ಒಂದ್ಸಲ ಹೀಗೆ ಜಾರಲಿ. ಎತ್ತರ ಮುಟ್ಟಬೇಡ" ಅಂದರು. ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದೆ.

ಸಂಜೆ ಮನೆಗೆ ಬಂದು ಅಮ್ಮನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. "ನಿನ್ನಿಂದ ನನ್ನ ಎರಡು ವರ್ಷ ಉಳೀತಮ್ಮ. ನಿನ್ನ ಉಪಕಾರ ನಾನು ಸಾಯೋತನಕ ಮರೆಯಲ್ಲ" ಅಂದೆ.

"ಉಪಕಾರವಂತೆ! ಸ್ವಲ್ಪ ಆಚೆ ಸರಿ, ಇನ್ನೂ ಬೆಟ್ಟದ ತುದಿ ಬಾಕಿ ಇದೆ."

ಇಬ್ಬರೂ ಸೇರಿ ಹೊರಟೆವು. ಅಮ್ಮ ಓಡಿಸಿದಳು, ನಾನು ದಾರಿ ಹೇಳಿದೆ, ಅವಳು ಒಂದನ್ನೂ ಕೇಳಲಿಲ್ಲ. ಕೊನೆಗೆ ತುದಿ ಬಂದು ನೆಲ ಮುಗಿಯಿತು. ಮುಂದೆ ಬಾಯಿ ತೆರೆದುಕೊಂಡ ದೊಡ್ಡ ಕುಳಿ, ಆಚೆ ದಡವೇ ಕಾಣದು. ಅಮ್ಮ ಕಂಟ್ರೋಲರನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಅಲ್ಲಿ ನಿಜವಾಗ್ಲೂ ಹೀಗೇ ಇದೆಯೇನೇ?"

"ಹೀಗೇ ಇದೆ. ಎತ್ತರಕ್ಕೆ ನಾನು ಏನೂ ಸೇರಿಸಿಲ್ಲ."

"ಹಾಗಾದ್ರೆ ನಾನು ನಿಜವಾಗ್ಲೂ ಹತ್ತಿದ ಹಾಗೇ ಆಯ್ತಲ್ಲ!" ಅಂದಳು ಅಮ್ಮ.