ಪೊರಕೆ ಹಿಡಿಯೂ ಪೂಜೆಗಿಟ್ಟ ಅರ್ಜಿಯೂ

ನಾನು ಒಂದು ಪೊರಕೆಯ ಹಿಡಿ. ಪೂರ್ತಿ ಪೊರಕೆಯಲ್ಲ, ಬರೀ ಹಿಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಜನ ಕೆಳಗಿನ ತೆಂಗಿನ ಕಡ್ಡಿಗಳನ್ನಷ್ಟೇ ನೋಡುತ್ತಾರೆ. ಆ ಕಡ್ಡಿಗಳೋ, ಎರಡು ತಿಂಗಳು ರಸ್ತೆಗೆ ಉಜ್ಜಿದರೆ ಮೊಂಡಾಗಿ ತಿಪ್ಪೆ ಸೇರುತ್ತವೆ. ಒಂಬತ್ತು ವರ್ಷ ಬಾಳಿದ್ದು ನಾನು.

ಮೇದರ ಬೀದಿಯಲ್ಲಿ ಒಬ್ಬ ಮುದುಕ ನನ್ನ ಗಿಣ್ಣುಗಳನ್ನು ಸವರಿ, ಬೆಂಕಿಯ ಮೇಲೆ ಕಾಯಿಸಿ, ನೆಟ್ಟಗೆ ಮಾಡಿ ಗೋಡೆಗೆ ಒರಗಿಸಿದ. ತಿಮ್ಮಾಜಮ್ಮ ಬಂದಳು. ಏಳನೇ ವಾರ್ಡಿನ ಬೀದಿಗಳನ್ನು ಗುಡಿಸುವವಳು. ಹತ್ತು ಬಿದಿರುಗಳನ್ನು ಎತ್ತಿ ಇಳಿಸಿ ಕೊನೆಗೆ ನನ್ನನ್ನು ಆರಿಸಿದಳು. ನಲವತ್ತು ರೂಪಾಯಿ, ಅವಳ ಸ್ವಂತ ದುಡ್ಡು. ನಮ್ಮ ನಗರದ ಗುತ್ತಿಗೆಯಲ್ಲಿ ಪದ್ಧತಿಯೇ ಹಾಗೆ: ಕಡ್ಡಿ ಕಂಟ್ರಾಕ್ಟರದು, ಹಿಡಿ ಗುಡಿಸುವವರದು. ಈ ನ್ಯಾಯ ಮಾಡಿದ ಮಹಾನುಭಾವರ ಬೆನ್ನು ಒಂದು ದಿನವಾದರೂ ರಸ್ತೆಯ ಮೇಲೆ ಬಗ್ಗಿತ್ತೇ, ನನಗಂತೂ ಅನುಮಾನ.

ಒಂಬತ್ತು ವರ್ಷದಲ್ಲಿ ಮೂವರು ಕಂಟ್ರಾಕ್ಟರುಗಳು ಬದಲಾದರು. ಪ್ರತಿ ಸಲವೂ ಮೇಸ್ತ್ರಿ ಪುಟ್ಟಸಿದ್ದ ಹಾಜರಿ ಶೆಡ್ಡಿನಲ್ಲಿ ನಿಂತು ಹೊಸ ಕರಾರನ್ನು ಓದಿ ಹೇಳುತ್ತಿದ್ದ. ಮೂಲೆಯಲ್ಲಿ ನಿಂತು ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ. ಡೀಸೆಲ್ ತುಟ್ಟಿಯಾದರೆ ಕಂಟ್ರಾಕ್ಟರಿಗೆ ಕೊಡುವ ದರ ತಾನಾಗಿಯೇ ಏರುತ್ತದೆ. ಫಿನಾಯಿಲ್ ತುಟ್ಟಿಯಾದರೂ ಅಷ್ಟೇ, ಕಡ್ಡಿ ತುಟ್ಟಿಯಾದರೂ ಅಷ್ಟೇ. ಗುಡಿಸುವವರ ತುಟ್ಟಿಭತ್ಯೆ ಮಾತ್ರ ತಾನಾಗಿ ಏರುವುದಿಲ್ಲ! ಅದಕ್ಕೆ ಅರ್ಜಿ ಬೇಕು. ಅರ್ಜಿಯ ಮೇಲೆ ಎಲ್ಲರ ಹೆಬ್ಬೆಟ್ಟು ಬೇಕು. ಸೆಪ್ಟೆಂಬರ್ ಮೂವತ್ತರೊಳಗೆ ನಗರಪಾಲಿಕೆ ಕಚೇರಿಯ ಸೀಲು ಬೀಳಬೇಕು. ಬೀಳಲಿಲ್ಲವೋ, ಮುಂದಿನ ವರ್ಷ. ಅಲ್ಲ ಸ್ವಾಮಿ, ಅಂಗಡಿಯಲ್ಲಿ ಬೇಳೆಯ ಬೆಲೆ ಏರುವಾಗ ಯಾರ ಅರ್ಜಿಗಾದರೂ ಕಾದಿತ್ತೇ?

ಹೋದ ವರ್ಷ ತಿಮ್ಮಾಜಮ್ಮನಿಗೆ ಆ ಭತ್ಯೆ ಬರಲೇಬೇಕಿತ್ತು. ಅವಳ ಒಂಟಿ ಕೋಣೆ ಶೆಡ್ಡಿನ ಹಿಂದಿನ ಗಲ್ಲಿಯಲ್ಲೇ ಇತ್ತು. ಅಕ್ಟೋಬರಿನಿಂದ ಆರುನೂರು ಹೆಚ್ಚು ಕೊಡು, ಇಲ್ಲ ಜಾಗ ಖಾಲಿ ಮಾಡು ಎಂದಿದ್ದ ಮನೆ ಮಾಲೀಕ. ಅವಳ ಕೈಗೆ ಎಟುಕುವ ಬಾಡಿಗೆಗೆ ಕೋಣೆ ಸಿಗುವುದು ಊರಾಚೆ ಕಲ್ಲುಕ್ವಾರಿಯ ಹತ್ತಿರ. ಅಲ್ಲಿಂದ ಮೊದಲ ಬಸ್ಸು ಬರುವುದು ಆರೂವರೆಗೆ. ಹಾಜರಿಯ ಬೆರಳಚ್ಚು ಯಂತ್ರ ಮುಚ್ಚುವುದು ಆರೂಕಾಲಿಗೆ. ಭತ್ಯೆ ತಪ್ಪಿದರೆ ಕೋಣೆ ತಪ್ಪುತ್ತದೆ, ಕೋಣೆ ತಪ್ಪಿದರೆ ಕೆಲಸವೇ ಹೋಗುತ್ತದೆ. ಇಷ್ಟು ಲೆಕ್ಕ ಬಿದಿರಿನ ತುಂಡಾದ ನನಗೂ ಗೊತ್ತಿತ್ತು.

ಓಡಾಡಿ ಇಪ್ಪತ್ಮೂರು ಹೆಬ್ಬೆಟ್ಟು ಒತ್ತಿಸಿ ಅರ್ಜಿ ಸಿದ್ಧವಾಗುವಾಗ ತಾರೀಕು ಇಪ್ಪತ್ತೊಂಬತ್ತಾಗಿತ್ತು. ನವರಾತ್ರಿಯ ಸರಸ್ವತಿ ಪೂಜೆಯ ದಿನ. ಶೆಡ್ಡಿನ ಗೂಡಿನಲ್ಲಿ ಹಾಜರಿ ಪುಸ್ತಕಗಳನ್ನು ಜೋಡಿಸಿ ಹೂವಿಟ್ಟಿದ್ದರು.

"ಈಗ್ಲೇ ಹೋಗಿ ಕೊಟ್ಬುಟ್ಟು ಬತ್ತೀನಿ ಅಕ್ಕ," ಎಂದು ಪುಟ್ಟಸಿದ್ದ ಚಪ್ಪಲಿ ಮೆಟ್ಟಿದ.

ಹೋಗಬೇಕಿತ್ತು, ಹೋಗಿಬಿಡಬೇಕಿತ್ತು! ತಿಮ್ಮಾಜಮ್ಮ ಅವನನ್ನು ತಡೆದಳು. "ತಾಳಣ್ಣ. ಒಳ್ಳೆ ದಿನ, ಬರ್ದಿರೋ ಕಾಗ್ದ ಅದೆ. ಅಮ್ಮನ ಮುಂದೆ ಇಕ್ಕಿ ಒಂದು ಆರತಿ ಎತ್ತುಬುಡಾನ."

ಅರ್ಜಿ ಗೂಡಿಗೆ ಹೋಯಿತು. ಅವಳೇ ಅದಕ್ಕೆ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ಕಣ್ಣುಮುಚ್ಚಿ ಕೈಮುಗಿದಳು. ಆರತಿಯಾದ ಮೇಲೆ ಪುಟ್ಟಸಿದ್ದ ಎತ್ತಿಕೊಳ್ಳಲು ಕೈ ಚಾಚಿದವನು ಹಾಗೇ ನಿಂತ.

"ಅಯ್ಯಯ್ಯೋ, ಈಗೆಂಗ್ ಎತ್ಲಿ ಅಕ್ಕ? ಪೂಜೆಗಿಟ್ಟಿದ್ದನ್ನ ವಿಜಯದಶಮಿಗಂಟ ಮುಟ್ಟಂಗಿಲ್ವಲ್ಲ."

ತಿಮ್ಮಾಜಮ್ಮ ಅವನ ಚಾಚಿದ ಕೈಯನ್ನು ತಗ್ಗಿಸಿದಳು: "ಇರ್ಲಿ ಬುಡಣ್ಣ. ನಮ್ ಸಂಬ್ಳ ತಿಂಗ್ಳು ತಿಂಗ್ಳೂ ಹತ್ತು ದಿನ ತಡ ಆಯ್ತದೆ, ನಾವೇನಾರ ಅಂದಿದ್ದೀವಾ? ಅವ್ರೂ ಮೂರು ದಿನ ತಡ್ಕತಾರೆ."

ತಡ್ಕತಾರಂತೆ! ನನಗೆ ಬಾಯಿದ್ದಿದ್ದರೆ ಆ ಶೆಡ್ಡಿನ ತಗಡು ಹಾರಿಹೋಗುವಂತೆ ಕಿರುಚುತ್ತಿದ್ದೆ. ಮೂವತ್ತನೇ ತಾರೀಕು ಕಚೇರಿ ಬಾಗಿಲು ತೆರೆದೇ ಇತ್ತು. ಅರ್ಜಿ ಹೂವಿನಡಿಯಲ್ಲಿ ತಣ್ಣಗೆ ಮಲಗಿತ್ತು. ಮಾರನೆಯ ದಿನ ಆಯುಧಪೂಜೆ. ತಿಮ್ಮಾಜಮ್ಮ ನನ್ನನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ನನ್ನ ಬುಡಕ್ಕೆ ಹಣೆ ಮುಟ್ಟಿಸಿದಳು. ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ದಶಮಿಯ ದಿನ ಕಚೇರಿಗೆ ರಜೆ.

ಅಕ್ಟೋಬರ್ ಮೂರರಂದು ಕೆಲಸ ಮುಗಿಸಿ ನನ್ನನ್ನು ಹಿಡಿದುಕೊಂಡೇ ಕಚೇರಿಗೆ ಹೋದಳು. ಗುಮಾಸ್ತ ಅರ್ಜಿಯನ್ನು ಎರಡು ಬೆರಳಲ್ಲಿ ಹಿಂದಕ್ಕೆ ತಳ್ಳಿದ.

"ಮೂವತ್ತಕ್ಕೆ ಮುಗೀತಮ್ಮ. ಮುಂದಿನ ವರ್ಷ ಕೊಡಿ."

"ದೇವ್ರ ಮುಂದೆ ಇಕ್ಕಿದ್ದೋ ಸ್ವಾಮಿ. ಎತ್ತಂಗಿರ್ನಿಲ್ಲ."

"ದೇವ್ರಿಗೆ ಕೊನೇ ದಿನಾಂಕ ಇಲ್ಲ, ನಮಗಿದೆ."

ಅವನ ಕಂಪ್ಯೂಟರಿನ ನೆತ್ತಿಯ ಮೇಲೂ ಕುಂಕುಮವಿತ್ತು, ಗೊತ್ತೇ? ಬಾಳೆಕಂದು ಇನ್ನೂ ಮೇಜಿನ ಕಾಲಿಗೆ ಕಟ್ಟಿತ್ತು. ಅದೇ ತಿಂಗಳು ಡೀಸೆಲ್‌ಗೂ ಫಿನಾಯಿಲ್‌ಗೂ ಕಡ್ಡಿಗೂ ದರ ಏರಿತು. ಯಾರೂ ಅರ್ಜಿ ಕೊಟ್ಟಿರಲಿಲ್ಲ.

ಮುಂದಿನದು ನೀವೇ ಊಹಿಸಿಕೊಳ್ಳಬಹುದು. ಅವಳು ಪಾತ್ರೆಪಗಡೆ ಕಟ್ಟಿಕೊಂಡು ಕ್ವಾರಿಯ ಹತ್ತಿರ ಹೋದಳು. ಕೆಲವು ದಿನ ಕತ್ತಲಿರುವಾಗಲೇ ಎದ್ದು ನಡೆದುಕೊಂಡು ಬಂದಳು. ಮಂಡಿ ಊದಿಕೊಂಡಿತು. ಬಸ್ಸಿಗೆ ಕಾದ ದಿನಗಳಲ್ಲಿ ಯಂತ್ರ ಅವಳ ಹೆಬ್ಬೆರಳನ್ನು ಒಪ್ಪಲಿಲ್ಲ. ನವೆಂಬರಿನಲ್ಲಿ ಪಟ್ಟಿಯಿಂದ ಹೆಸರು ತೆಗೆದರು. ಪುಟ್ಟಸಿದ್ದ ತನ್ನದೇ ತಪ್ಪೆಂದು ಅತ್ತ. "ಇಕ್ಕು ಅಂದ ಬಾಯಿ ನಂದಲ್ವೇನಣ್ಣ," ಎಂದು ಅವಳು ನನ್ನಿಂದ ಕಡ್ಡಿಯ ಕಟ್ಟನ್ನು ಕಳಚಿ ಅವನ ಕೈಗಿತ್ತಳು. ಹಿಡಿ ತನ್ನದು, ಅದನ್ನು ಬಿಟ್ಟುಹೋಗುವ ಮಾತೇ ಇಲ್ಲ ಎಂದಳು.

ಈಗ ನನಗೆ ವಯಸ್ಸಾಗಿದೆ. ಬುಡ ಸೀಳಿದ್ದಕ್ಕೆ ಒಂದು ಗೇಣು ಕೊಯ್ದು, ಹಳೇ ಚಪ್ಪಲಿಯ ರಬ್ಬರು ತೊಡಿಸಿದ್ದಾಳೆ. ಹೋಟೆಲಿನವರಿಗೆ ಬೆಳ್ಳುಳ್ಳಿ ಸುಲಿಯುತ್ತಾ ಅವಳು ಹೊಸಿಲ ಮೇಲೆ ಕೂತರೆ ನಾನು ಬಾಗಿಲ ಮೂಲೆಯಲ್ಲಿರುತ್ತೇನೆ. ಎದ್ದರೆ ಅವಳ ಊರುಗೋಲು. ನನ್ನಂಥ ಹಿಡಿಗೆ ಮೇದರ ಬೀದಿಯಲ್ಲಿ ಈಗ ನೂರಿಪ್ಪತ್ತಂತೆ. ಕೇಳಿ ಹಿಗ್ಗಬೇಕೋ ಬೇಡವೋ ತಿಳಿಯಲಿಲ್ಲ.

ಆದರೆ ಈ ಸೆಪ್ಟೆಂಬರ್ ಹತ್ತಕ್ಕೆ ಅವಳು ಬೆಳ್ಳುಳ್ಳಿಯ ಮೊರ ಪಕ್ಕಕ್ಕೆ ಸರಿಸಿ ನನ್ನನ್ನು ಎತ್ತಿಕೊಂಡಳು. ಆರೂವರೆಯ ಬಸ್ಸು ಹತ್ತಿ ಶೆಡ್ಡಿಗೆ ಹೋಗಿ, ಹೊಸ ಅರ್ಜಿಗೆ ಕೂತಲ್ಲೇ ಎಲ್ಲರ ಹೆಬ್ಬೆಟ್ಟು ಒತ್ತಿಸಿ, ಪುಟ್ಟಸಿದ್ದನನ್ನು ಎಳೆದುಕೊಂಡು ಕಚೇರಿ ಸೇರಿದಳು. ಅದೇ ಗುಮಾಸ್ತ. ಹಾಳೆ ಎರಡು ಸಲ ತಿರುಗಿಸಿದ.

"ಇದ್ರಲ್ಲಿ ನಿಮ್ಮ ಹೆಸ್ರೇ ಇಲ್ವಲ್ಲಮ್ಮ?"

ಅವಳು ನನ್ನನ್ನು ನೆಲಕ್ಕೆ ಕುಟ್ಟಿದಳು. "ಇಲ್ಲ. ಇಪ್ಪತ್ತೆರಡು ಜನದ್ದು ಅದೆ. ಸೀಲ್ ಹಾಕಪ್ಪ, ನೋಡ್ಕಂಡು ಹೋಯ್ತೀನಿ."

ಸೀಲು ಬಿತ್ತು. ಸ್ವೀಕೃತಿಯ ಚೀಟಿಯನ್ನು ಅವಳು ಕಣ್ಣಿನ ಹತ್ತಿರ ಹಿಡಿದು ತಾರೀಕು ನೋಡಿದಳು. ಓದು ಬಾರದಿದ್ದರೂ ಅಂಕಿ ಗೊತ್ತು. ಮೆಟ್ಟಿಲಿಳಿದ ಮೇಲೆ ಅದನ್ನು ನಾಲ್ಕಾಗಿ ಮಡಚಿ ಪುಟ್ಟಸಿದ್ದನ ಜೇಬಿಗೆ ತುರುಕಿದಳು.

"ಈಗ ಇಕ್ಕಣ್ಣ ಅಮ್ಮನ ಮುಂದೆ. ಎಷ್ಟು ದಿನ ಬೇಕಾದ್ರೂ ಇರ್ಲಿ."